ಧ್ವನಿವರ್ಧಕದಲ್ಲಿ ವರ್ಧಿಸುವುದು ಯಾವುದು?

ಲೌಡ್‌ಸ್ಪೀಕರ್‌ಗೆ ನಮ್ಮ ಪಠ್ಯಪುಸ್ತಕಗಳು, ದಿನಪತ್ರಿಕೆಗಳು, ಪೊಲೀಸ್ ಪ್ರಕಟಣೆಗಳು ಎಲ್ಲವೂ ಬಳಸುವ ಪದ 'ಧ್ವನಿವರ್ಧಕ'. ಪದ ಚೆನ್ನಾಗಿದೆ, ರೂಢಿಗೂ ಬಂದಿದೆ. ಆದರೆ ಭೌತವಿಜ್ಞಾನದ ಪಾಠ ಮಾಡಲು ಹೊರಟವರಿಗೆ ಅದು ಒಂದು ತೊಡಕು ತಂದಿಡುತ್ತದೆ. ಧ್ವನಿಯನ್ನು ಹೆಚ್ಚಿಸುವ ಸಾಧನವೇ ಧ್ವನಿವರ್ಧಕ ಎಂದು ಹೆಸರೇ ಹೇಳಿಬಿಡುತ್ತದೆ. ಸ್ಪೀಕರಿನ ಕೆಲಸ ನೋಡಿದರೆ ಹಾಗಿಲ್ಲ. ಅದು ಏನನ್ನೂ ಹೆಚ್ಚಿಸುವುದಿಲ್ಲ. ತನಗೆ ಬಂದ ವಿದ್ಯುತ್ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲನ್ನು, ಎಷ್ಟೋ ಸಲ ಅಷ್ಟನ್ನೂ ಅಲ್ಲ, ಶಬ್ದವನ್ನಾಗಿ ಮಾಡಿ ಉಳಿದುದನ್ನೆಲ್ಲ ಶಾಖವಾಗಿ ಕಳೆದುಬಿಡುತ್ತದೆ.

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೆಯ ತರಗತಿಗೆ 'ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು' ಪಾಠ ತೆಗೆದುಕೊಂಡಾಗ ಮಕ್ಕಳಿಗೆ ಒಂದು ಚೀಟಿಯಲ್ಲಿ ಉತ್ತರ ಬರೆಯಲು ಹೇಳಿದೆ. ಮೈಕಿನಲ್ಲಿ ಮೆಲ್ಲಗೆ ಮಾತಾಡಿದರೂ ಮೈದಾನದ ಕೊನೆಯವರೆಗೆ ಕೇಳಿಸುತ್ತದೆ. ಆ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು? ಕೆಲವರು 'ಸ್ಪೀಕರ್ ಶಬ್ದವನ್ನು ದೊಡ್ಡದು ಮಾಡುತ್ತದೆ' ಎಂದು ಬರೆದಿದ್ದರು. ಕೆಲವರು 'ಅದರಲ್ಲಿ ದೊಡ್ಡ ಅಯಸ್ಕಾಂತ ಇರುತ್ತದೆ' ಎಂದರು. ಚುರುಕಿನ ಮಕ್ಕಳ ಉತ್ತರ 'ಆಂಪ್ಲಿಫೈಯರ್ ಶಕ್ತಿಯನ್ನು ಹೆಚ್ಚಿಸುತ್ತದೆ' ಎಂದಿತ್ತು. ಮೂರರಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಮೂರನೆಯದು. ನೋಡಲು ಸರಿಯಾಗಿಯೇ ಇದೆ, ಪರೀಕ್ಷೆಯಲ್ಲಿ ಅಂಕವೂ ಬರಬಹುದು. ಆದರೆ ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲಾಗದು ಎಂದು ಹಿಂದಿನ ವರ್ಷವೇ ಬಾಯಿಪಾಠ ಮಾಡಿದ ಮಕ್ಕಳೂ ಇವರೇ. ಎರಡು ಮಾತೂ ಒಂದೇ ತಲೆಯಲ್ಲಿ ಅಕ್ಕಪಕ್ಕದ ಬಾಡಿಗೆದಾರರಂತೆ ಮುಖ ನೋಡದೆ ಇವೆ. ಅವೆರಡನ್ನೂ ಎದುರುಬದುರು ಕೂರಿಸುವುದಕ್ಕೆ ಒಂದು ಸಣ್ಣ ಆಂಪ್ಲಿಫೈಯರ್ ಮತ್ತು ಹಳೆಯ ರೇಡಿಯೋದ ಒಂದು ಸ್ಪೀಕರ್ ಸಾಕು. ಅದು ಹೇಗೆಂದು ಇಲ್ಲಿ ಬರೆದಿದ್ದೇನೆ.

ಸ್ಪೀಕರ್ ಒಂದು ಮೋಟರು

ವಿದ್ಯುತ್ ಪ್ರವಾಹವಿರುವ ವಾಹಕವನ್ನೂ ಕಾಂತಕ್ಷೇತ್ರವನ್ನೂ ಬಳಸುವ ಸಾಧನಗಳ ಪಟ್ಟಿಯಲ್ಲಿ ಪಠ್ಯಪುಸ್ತಕ ಮೋಟರಿನ ಜೊತೆಗೆ ಧ್ವನಿವರ್ಧಕವನ್ನೂ ಹೆಸರಿಸುತ್ತದೆ. ಒಂದೇ ವಾಕ್ಯ, ಅಷ್ಟಕ್ಕೇ ಬಿಡುತ್ತದೆ. ನಾವು ಅಲ್ಲಿಂದ ಶುರು ಮಾಡಬಹುದು.

3 ಅಥವಾ 4 ಅಂಗುಲದ, 8 ಓಮ್ ಎಂದು ಬರೆದಿರುವ ಸ್ಪೀಕರನ್ನು ಮಕ್ಕಳ ಕೈಗೇ ಕೊಡಬೇಕು. ಮೇಜಿನ ಮೇಲಿಟ್ಟು ದೂರದಿಂದ ತೋರಿಸಿದರೆ ಪ್ರಯೋಜನವಿಲ್ಲ. ಹಿಂಬದಿಯಲ್ಲಿ ಉಂಗುರದ ಆಕಾರದ ಅಯಸ್ಕಾಂತ. ಅದರ ನಡುವಿನ ಕಿರಿದಾದ ಸಂದಿಯಲ್ಲಿ ತೆಳು ತಂತಿಯ ಸುರುಳಿ; ರಿಪೇರಿಯವರು ಇದನ್ನು ವಾಯ್ಸ್ ಕಾಯಿಲ್ ಎನ್ನುತ್ತಾರೆ. ಆ ಸುರುಳಿಗೆ ಕಾಗದದ ಕೋನ್ ಅಂಟಿಕೊಂಡಿದೆ. ಈಗ 1.5 ವೋಲ್ಟಿನ ಒಂದು ಸೆಲ್ಲಿನ ಎರಡು ತಂತಿಗಳನ್ನು ಸ್ಪೀಕರಿನ ತುದಿಗಳಿಗೆ ತಾಗಿಸಿ. 'ಟಕ್' ಎನ್ನುತ್ತದೆ. ಕೋನಿನ ಮೇಲೆ ಹಗುರವಾಗಿ ಬೆರಳಿಟ್ಟವರಿಗೆ ಅದು ಮುಂದಕ್ಕೆ ಸರಿದದ್ದು ತಿಳಿಯುತ್ತದೆ. ಸೆಲ್ಲನ್ನು ತಿರುಗಿಸಿ ತಾಗಿಸಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ. ತಾಗಿಸಿ ಹಾಗೇ ಹಿಡಿದರೆ? ಕೋನ್ ಸರಿದ ಜಾಗದಲ್ಲೇ ನಿಲ್ಲುತ್ತದೆ, ಶಬ್ದವಿಲ್ಲ. ಈ ಮೌನವನ್ನು ಮಕ್ಕಳು ಗಮನಿಸಬೇಕು. ಪ್ರವಾಹ ಇದ್ದ ಮಾತ್ರಕ್ಕೆ ಶಬ್ದ ಬರುವುದಿಲ್ಲ, ಪ್ರವಾಹ ಬದಲಾಗುತ್ತಿದ್ದರೆ ಮಾತ್ರ ಬರುತ್ತದೆ. (ಹಿಡಿಯುವುದು ಒಂದೆರಡು ಸೆಕೆಂಡು ಸಾಕು. ಸುಮಾರು 0.2 ಆಂಪಿಯರ್ ಹರಿಯುತ್ತದೆ, ಅದೆಲ್ಲ ಸುರುಳಿಯನ್ನು ಬಿಸಿ ಮಾಡಲಷ್ಟೇ ಖರ್ಚಾಗುತ್ತದೆ.)

ಫ್ಲೆಮಿಂಗನ ಎಡಗೈ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ. ಪುಸ್ತಕದಲ್ಲಿ ವಾಹಕ ಒಂದು ನೇರ ಸರಳು. ಇಲ್ಲಿ ಅದು ಒಂದು ಉಂಗುರ. ಉಂಗುರದ ಸುತ್ತ ಪ್ರವಾಹದ ದಿಕ್ಕು ಬದಲಾಗುತ್ತಲೇ ಹೋಗುತ್ತದೆ. ಹಾಗಾದರೆ ಬಲಗಳು ಒಂದನ್ನೊಂದು ಕಳೆದುಹಾಕಬೇಕಲ್ಲ ಎಂದು ಮಕ್ಕಳನ್ನೇ ಕೇಳಿ. ಸಂದಿಯೊಳಗೆ ಕಾಂತಕ್ಷೇತ್ರವೂ ಚಕ್ರದ ಕಡ್ಡಿಗಳಂತೆ ನಡುವಿನಿಂದ ಸುತ್ತಲೂ ಹರಡಿದೆ ಎಂದು ಹೇಳಿ, ಎಡಗೈಯನ್ನು ಉಂಗುರದ ಸುತ್ತ ಒಂದೊಂದೇ ಜಾಗದಲ್ಲಿ ಇಟ್ಟು ನೋಡಲು ಬಿಡಿ. ಎಲ್ಲಿ ಇಟ್ಟರೂ ಹೆಬ್ಬೆರಳು ಮುಂದಕ್ಕೇ ತೋರಿಸುತ್ತದೆ. ಕೈ ತಿರುಗಿಸಲು ಹೋಗಿ ಇಡೀ ತರಗತಿ ಮೈ ತಿರುಗಿಸುತ್ತದೆ. ಗಲಾಟೆ ಆಗುತ್ತದೆ, ಆಗಲಿ.

ಇಂದು ಮೊಬೈಲಿನಿಂದ ಜಾತ್ರೆಯ ಮೈದಾನದವರೆಗೆ ನಾವು ಕೇಳುವ ಸ್ಪೀಕರುಗಳಲ್ಲಿ ಹೆಚ್ಚಿನವು ಇದೇ ಬಗೆಯವು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಇದಕ್ಕೆ ಈಗಿನ ರೂಪ ಕೊಟ್ಟರು. ನೂರು ವರ್ಷವಾದರೂ ಒಳಗಿನ ಏರ್ಪಾಡು ಹೆಚ್ಚೇನೂ ಬದಲಾಗಿಲ್ಲ.

ಕೆರೆ, ತೂಬು, ನೀರುಗಂಟಿ

ಇನ್ನು ಆಂಪ್ಲಿಫೈಯರ್. ಹವ್ಯಾಸಿಗಳು ಮೊದಲು ಕಟ್ಟುವುದು ಸಾಮಾನ್ಯವಾಗಿ ಎಲ್‌ಎಂ386 ಎಂಬ ಎಂಟು ಕಾಲಿನ ಐಸಿಯಿಂದ. 4ರಿಂದ 12 ವೋಲ್ಟಿನಲ್ಲಿ ನಡೆಯುತ್ತದೆ, ಹೊರಗೆ ಜೋಡಿಸಬೇಕಾದ ಬಿಡಿಭಾಗಗಳು ಬೆರಳೆಣಿಕೆಯಷ್ಟು. 6ನೇ ಕಾಲಿಗೆ ಬ್ಯಾಟರಿಯ ಧನ, 4ಕ್ಕೆ ಋಣ. 3ನೇ ಕಾಲಿಗೆ ವಾಲ್ಯೂಮ್ ಕಂಟ್ರೋಲಿನ ಮೂಲಕ ಹಾಡಿನ ತಂತಿ, 2ನೇ ಕಾಲು ನೆಲಕ್ಕೆ, ಅಂದರೆ ಬ್ಯಾಟರಿಯ ಋಣಕ್ಕೆ. 5ನೇ ಕಾಲಿನಿಂದ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಸ್ಪೀಕರಿಗೆ, ಸ್ಪೀಕರಿನ ಇನ್ನೊಂದು ತುದಿ ನೆಲಕ್ಕೆ. ಹೀಗೆ ಜೋಡಿಸಿದರೆ ಒಳಬಂದ ವಿಭವಾಂತರ 20 ಪಟ್ಟಾಗಿ ಹೊರಬರುತ್ತದೆ. 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ಆ 220ರ ಕೆಪಾಸಿಟರನ್ನು ಬಿಡುವಂತಿಲ್ಲ. ಹಾಡಿಲ್ಲದಾಗಲೂ 5ನೇ ಕಾಲು ಬ್ಯಾಟರಿಯ ಅರ್ಧ ವೋಲ್ಟೇಜಿನಲ್ಲಿ ನಿಂತಿರುತ್ತದೆ. ಕೆಪಾಸಿಟರ್ ಇಲ್ಲದಿದ್ದರೆ ಮೊದಲ ಪ್ರಯೋಗದ ಸೆಲ್ಲಿನಂತೆ ಸ್ಪೀಕರ್ ಸುಮ್ಮನೆ ಬಿಸಿಯಾಗುತ್ತದೆ.

20 ಪಟ್ಟು, 200 ಪಟ್ಟು ಎಂದಾಗ ಮಕ್ಕಳ ಆ ಮೂರನೆಯ ಉತ್ತರ ಗಟ್ಟಿಯಾಗುತ್ತದೆ. ಇಲ್ಲಿ ಒಂದು ಹೋಲಿಕೆ ಬೇಕು. ಭೂತಗನ್ನಡಿಯ ಹೋಲಿಕೆ ನನಗೆ ಹಿಡಿಸುವುದಿಲ್ಲ, ಅದರಲ್ಲಿ ಇದ್ದದ್ದೇ ಹಿಗ್ಗಿ ಕಾಣುತ್ತದೆ. ಕೆರೆಯ ತೂಬಿನದು ಸರಿಯಾದ ಹೋಲಿಕೆ. ನೀರುಗಂಟಿ ತೂಬನ್ನು ಎತ್ತುತ್ತಾನೆ, ಇಳಿಸುತ್ತಾನೆ. ಕಾಲುವೆಯಲ್ಲಿ ನೀರು ಅವನ ಕೈ ಆಡಿದಂತೆ ಏರಿಳಿಯುತ್ತದೆ. ಆದರೆ ಕಾಲುವೆಗೆ ಬಂದ ನೀರು ಅವನ ಕೈಯದಲ್ಲ, ಕೆರೆಯದು. ಅವನ ಕೈಯ ಅಲ್ಪ ಬಲ ಎಕರೆಗಟ್ಟಲೆ ಗದ್ದೆಗೆ ಹೋಗುವ ನೀರಿನ ರೂಪವನ್ನು ನಿರ್ಧರಿಸುತ್ತದೆ, ನೀರನ್ನು ಹುಟ್ಟಿಸುವುದಿಲ್ಲ. ಬ್ಯಾಟರಿ ಕೆರೆ, ಐಸಿ ತೂಬು, ಮೊಬೈಲಿನಿಂದ ಬಂದ ಹಾಡು ನೀರುಗಂಟಿಯ ಕೈ. ಸ್ಪೀಕರಿಗೆ ಹೋಗುವ ಪ್ರವಾಹ ಬ್ಯಾಟರಿಯದೇ, ಅದರ ಏರಿಳಿತ ಮಾತ್ರ ಹಾಡಿನದು.

ಹೋಲಿಕೆಯನ್ನು ಹೇಳಿ ಬಿಟ್ಟರೆ ಅದೂ ಒಂದು ಕಥೆಯಾಗಿ ಉಳಿಯುತ್ತದೆ. ಅದಕ್ಕೇ ಅಳತೆ. ಬ್ಯಾಟರಿ ಮತ್ತು ಐಸಿಯ ನಡುವೆ ಸರಣಿಯಲ್ಲಿ ಪ್ರಯೋಗಾಲಯದ 0–500 ಮಿಲಿಆಂಪಿಯರ್ ಮುಳ್ಳಿನ ಮೀಟರ್ ಜೋಡಿಸಿ. ಡಿಜಿಟಲ್ ಮೀಟರಿನ ಅಂಕಿಗಳು ಹಾಡಿನ ವೇಗಕ್ಕೆ ನಿಲ್ಲುವುದಿಲ್ಲ, ಮುಳ್ಳಿನದೇ ಮೇಲು. ಹಾಡು ನಿಂತಿರುವಾಗ ಐಸಿ ಎಳೆಯುವುದು ನಾಲ್ಕೈದು ಮಿಲಿಆಂಪಿಯರ್, ಮುಳ್ಳು ಸೊನ್ನೆಯ ಪಕ್ಕದಲ್ಲೇ ಮಲಗಿರುತ್ತದೆ. ಹಾಡು ಹಚ್ಚಿ ವಾಲ್ಯೂಮ್ ಏರಿಸಿದಂತೆ ಮುಳ್ಳು ಎದ್ದು ಕುಣಿಯತೊಡಗುತ್ತದೆ. ತಬಲದ ಪೆಟ್ಟು ಬಿದ್ದಾಗ ಮೇಲೆ, ಹಾಡುಗಾರ ಉಸಿರು ತೆಗೆದುಕೊಂಡಾಗ ಕೆಳಗೆ. ಜೋರಾಗಿ ಇಟ್ಟರೆ 100 ಮಿಲಿಆಂಪಿಯರ್‌ನ ಆಸುಪಾಸಿಗೆ ಹೋಗುತ್ತದೆ. ನಮ್ಮ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, 'ಸಾರ್, ಬ್ಯಾಟರಿಗೂ ಹಾಡು ಗೊತ್ತಾಗ್ತಿದೆ' ಎಂದ. ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ವಾಕ್ಯಕ್ಕಿಂತ ಇದೇ ಚೆನ್ನಾಗಿತ್ತು.

ಆಮೇಲೆ ಲೆಕ್ಕ. 9 ವೋಲ್ಟ್, 0.1 ಆಂಪಿಯರ್, ಬ್ಯಾಟರಿ ಕೊಡುತ್ತಿರುವುದು 0.9 ವ್ಯಾಟ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಐಸಿಯಲ್ಲೇ ಶಾಖವಾಗುತ್ತದೆ, ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಉಳಿದರ್ಧ ಸ್ಪೀಕರಿಗೆ. ಇಂಥ ಸಣ್ಣ ಸ್ಪೀಕರ್ ಅದರಲ್ಲಿ ಗಾಳಿಗೆ ಕೊಡುವುದು ಎರಡು ಮೂರು ಮಿಲಿವ್ಯಾಟ್ ಅಷ್ಟೇ. ಬ್ಯಾಟರಿಯಿಂದ ಹೊರಟ ನೂರು ರೂಪಾಯಿಯಲ್ಲಿ ಕಿವಿಯ ಕಡೆಗೆ ತಲುಪಿದ್ದು ಹೆಚ್ಚೆಂದರೆ ಎಂಟಾಣೆ. ಅಷ್ಟಕ್ಕೇ ತರಗತಿ ತುಂಬುತ್ತದೆ ಎಂದರೆ ಅದು ಸ್ಪೀಕರಿನ ಹೆಚ್ಚುಗಾರಿಕೆಯಲ್ಲ, ನಮ್ಮ ಕಿವಿಯದು. ಮೈಕಿನ ಕಡೆಯಿಂದ ಎಷ್ಟು ಬಂತು, ಗಾಳಿಗೆ ಎಷ್ಟು ಹೋಯಿತು ಎಂದಷ್ಟೇ ಹೋಲಿಸಿದರೆ ಹೆಚ್ಚಾದಂತೆ ಕಾಣುತ್ತದೆ. ಬ್ಯಾಟರಿಯನ್ನೂ ಲೆಕ್ಕಕ್ಕೆ ಸೇರಿಸಿದರೆ ಎಲ್ಲಿಯೂ ಹೆಚ್ಚಿಲ್ಲ, ನಷ್ಟವೇ ಎಲ್ಲ.

ಕೆರೆಯ ಹೋಲಿಕೆ ಇನ್ನೊಂದು ಕಡೆಯೂ ನೆರವಾಗುತ್ತದೆ. ತೂಬನ್ನು ಪೂರ್ತಿ ಎತ್ತಿದ ಮೇಲೆ ಇನ್ನೂ ಎತ್ತಿದರೆ ನೀರೇನೂ ಹೆಚ್ಚುವುದಿಲ್ಲ. ಹಾಗೆಯೇ 9 ವೋಲ್ಟಿನ ಬ್ಯಾಟರಿಯಿಂದ 9 ವೋಲ್ಟಿಗಿಂತ ಎತ್ತರದ ಅಲೆ ಬರುವುದಿಲ್ಲ. ವಾಲ್ಯೂಮ್ ಅತಿಯಾದಾಗ ಅಲೆಯ ತಲೆ ಮತ್ತು ಬುಡ ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ, ಹಾಡು ಕರ್ಕಶವಾಗುತ್ತದೆ. ಬ್ಯಾಟರಿ ಸೊರಗಿದಾಗ ಕಡಿಮೆ ವಾಲ್ಯೂಮಿಗೇ ಹೀಗಾಗುತ್ತದೆ. ಪ್ರಯೋಗಕ್ಕೆ ಚಿಕ್ಕ ಚೌಕದ 9 ವೋಲ್ಟ್ ಬ್ಯಾಟರಿಗಿಂತ ಆರು ಪೆನ್ಸಿಲ್ ಸೆಲ್ಲುಗಳನ್ನು ಸರಣಿಯಲ್ಲಿ ಹಾಕುವುದು ಒಳ್ಳೆಯದು. ಚೌಕದ್ದು ಬೇಗ ಸುಸ್ತಾಗುತ್ತದೆ.

ಈಗ ಮಾರುಕಟ್ಟೆಯಲ್ಲಿ ಪಿಎಎಂ8403ರಂಥ ಡಿ ವರ್ಗದ ಪುಟ್ಟ ಬೋರ್ಡುಗಳು ಸುಲಭವಾಗಿ ಸಿಗುತ್ತವೆ. 5 ವೋಲ್ಟಿಗೇ ಎರಡು ಸ್ಪೀಕರ್ ನಡೆಸುತ್ತವೆ, ಶಾಖವೂ ಕಡಿಮೆ. ತರಗತಿಗೆ ನಾನು ಎಲ್‌ಎಂ386ನ್ನೇ ಆರಿಸುತ್ತೇನೆ, ಅದರ ಪ್ರತಿ ಕಾಲಿಗೂ ಒಂದು ವಿವರಣೆ ಕೊಡಬಹುದು. ಆ ಬೋರ್ಡು ಬಳಸುವವರು ಒಂದು ಮಾತು ನೆನಪಿಡಬೇಕು: ಅದರಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಸಂಕೇತವಿರುತ್ತದೆ, ಯಾವುದನ್ನೂ ನೆಲಕ್ಕೆ ಜೋಡಿಸಬಾರದು.

ಪಾಠ ವೀಕ್ಷಿಸಿದ ಉಪನ್ಯಾಸಕರು ಒಂದು ಪ್ರಶ್ನೆ ಕೇಳಿದರು: ಆಂಪ್ಲಿಫೈಯರ್ ಹತ್ತನೆಯ ತರಗತಿಯ ಪಠ್ಯಕ್ರಮದಲ್ಲಿ ಇಲ್ಲವಲ್ಲ? ಇಲ್ಲ, ನಿಜ. ಐಸಿಯ ಒಳಗಿನ ಟ್ರಾನ್ಸಿಸ್ಟರುಗಳ ಬಗ್ಗೆ ನಾನು ಒಂದು ಮಾತೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಡಗೈ ನಿಯಮ, ವಿಭವಾಂತರವನ್ನು ಪ್ರವಾಹದಿಂದ ಗುಣಿಸಿ ಸಾಮರ್ಥ್ಯ ತೆಗೆಯುವುದು, ಸರಣಿ ಮತ್ತು ಸಮಾಂತರ ಜೋಡಣೆ, ಶಕ್ತಿಯ ಸಂರಕ್ಷಣೆ. ಬಳಸಿದ್ದು ಇಷ್ಟನ್ನೇ, ಎಲ್ಲವೂ ಪಠ್ಯದಲ್ಲಿವೆ. ಬೇರೆ ಬೇರೆ ಪಾಠಗಳಲ್ಲಿ ಚದುರಿ ಕೂತವನ್ನು ಒಂದು ವಸ್ತುವಿನ ಸುತ್ತ ಸೇರಿಸಿದ್ದಷ್ಟೇ ಹೊಸದು. ಸಮಯ ಮಾತ್ರ ಒಂದು ಅವಧಿಗೆ ಸಾಲುವುದಿಲ್ಲ, ಎರಡು ಬೇಕು. ಸ್ಪೀಕರನ್ನು ಒಂದು ದಿನ, ಮೀಟರನ್ನು ಮರುದಿನ ಇಟ್ಟುಕೊಳ್ಳುವುದು ವಾಸಿ.

ಡಬ್ಬದ ಮೇಲಿನ ವ್ಯಾಟು

ಸಮಾಂತರ ಜೋಡಣೆಯ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವ ಮಕ್ಕಳು ಮೊದಲು ಮಾಡುವ ಕೆಲಸ ಇನ್ನೊಂದು ಸ್ಪೀಕರನ್ನು ಅದೇ ತಂತಿಗೆ ಸೇರಿಸುವುದು. 8 ಓಮ್‌ನ ಎರಡು ಸಮಾಂತರದಲ್ಲಿ 4 ಓಮ್, ನಾಲ್ಕು ಸೇರಿದರೆ 2 ಓಮ್. ಅದೇ ವಿಭವಾಂತರಕ್ಕೆ ನಾಲ್ಕು ಪಟ್ಟು ಪ್ರವಾಹ ಬೇಕಾಗುತ್ತದೆ, ಅಷ್ಟನ್ನು ಕೊಡಹೋಗಿ ಐಸಿ ಕಾಯುತ್ತದೆ. ಎರಡೆರಡನ್ನು ಸರಣಿಯಲ್ಲಿ ಕಟ್ಟಿ ಆ ಎರಡು ಜೋಡಿಗಳನ್ನು ಸಮಾಂತರದಲ್ಲಿ ಸೇರಿಸಿದರೆ ಮತ್ತೆ 8 ಓಮ್. ರೋಧಗಳ ಅಭ್ಯಾಸ ಲೆಕ್ಕಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಬೇಡ. 8 ಓಮ್ ಎಂದಿರುವ ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ ಆರೂವರೆ, ಏಳು ಎಂದು ತೋರಿಸುತ್ತದೆ. ಮಕ್ಕಳು ಕೇಳಿಯೇ ಕೇಳುತ್ತಾರೆ. ಮೀಟರ್ ಅಳೆಯುವುದು ತಂತಿಯ ರೋಧವನ್ನು ಮಾತ್ರ. ಏರಿಳಿಯುವ ಪ್ರವಾಹಕ್ಕೆ ಸುರುಳಿ ಒಡ್ಡುವ ಒಟ್ಟು ತಡೆ ಅದಕ್ಕಿಂತ ಹೆಚ್ಚು, ಆವೃತ್ತಿಗೆ ತಕ್ಕಂತೆ ಅದು ಬದಲಾಗುತ್ತದೆ. 8 ಎಂಬುದು ಆ ತಡೆಗೆ ಇಟ್ಟ ಒಂದು ಸುಮಾರು ಅಂಕಿ.

ಶಾಲೆಯ ಮೈದಾನದಲ್ಲಿ, ಜಾತ್ರೆಯಲ್ಲಿ ದೂರದೂರಕ್ಕೆ ಹಾರ್ನ್ ಕಟ್ಟುವವರ ಉಪಾಯ ಬೇರೆ. 100 ವ್ಯಾಟನ್ನು 8 ಓಮ್‌ಗೆ ಕಳಿಸಲು ಸುಮಾರು 28 ವೋಲ್ಟ್, ಮೂರೂವರೆ ಆಂಪಿಯರ್ ಬೇಕು. ಉದ್ದ ತಂತಿಯಲ್ಲಿ ಅಷ್ಟು ಪ್ರವಾಹ ಹರಿದರೆ ತಂತಿಯೇ ತಿಂದುಬಿಡುತ್ತದೆ. ಅದಕ್ಕೆ ಅವರ ಆಂಪ್ಲಿಫೈಯರಿನಲ್ಲಿ 100 ವೋಲ್ಟಿನ ಲೈನ್ ಇರುತ್ತದೆ, ಪ್ರತಿ ಹಾರ್ನಿನಲ್ಲೂ ಒಂದು ಟ್ರಾನ್ಸ್‌ಫಾರ್ಮರ್. ಅದೇ 100 ವ್ಯಾಟಿಗೆ ಈಗ 1 ಆಂಪಿಯರ್ ಸಾಕು, ತಂತಿಯಲ್ಲಿನ ನಷ್ಟ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಊರಿಗೆ ಕರೆಂಟು ಬರುವ ದೊಡ್ಡ ಲೈನುಗಳ ತರ್ಕವೇ ಇದು. ಆದರೆ ಇದು ಸ್ಪೀಕರಿನ ತಂತಿ ತಾನೆ ಎಂದು ಯಾರೂ ಮುಟ್ಟಬಾರದು. 100 ವೋಲ್ಟ್ ಶಾಕ್ ಹೊಡೆಯುತ್ತದೆ. ಪ್ರಾರ್ಥನೆಯ ಹೊತ್ತಿಗೆ ಮೈಕ್‌ಸೆಟ್ ಜೋಡಿಸುವುದು ಮಕ್ಕಳೇ ಆಗಿರುವ ಶಾಲೆಗಳಲ್ಲಿ ಈ ಮಾತನ್ನು ಮೊದಲ ದಿನವೇ ಹೇಳಬೇಕು.

ವ್ಯಾಟಿನ ಬಗ್ಗೆ ಜನರಲ್ಲಿರುವ ಭ್ರಮೆ ದೊಡ್ಡದು. ಹಾಡು ಕೇಳುವ ಪೆಟ್ಟಿಗೆಗಳ ಮೇಲೆ 'ಪಿಎಂಪಿಒ' ಎಂಬ ನಾಲ್ಕಕ್ಷರದ ಪಕ್ಕ ಸಾವಿರಾರು ವ್ಯಾಟ್ ಬರೆದಿರುವುದನ್ನು ನೀವು ನೋಡಿರುತ್ತೀರಿ. ಆ ಅಳತೆಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಮಕ್ಕಳಿಗೆ ಹೇಳಿ: ಪೆಟ್ಟಿಗೆಯನ್ನು ತಿರುಗಿಸಿ, ಅಡಾಪ್ಟರಿನ ಮೇಲಿನ ಅಕ್ಷರ ಓದಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಸತತವಾಗಿ ಅದಕ್ಕಿಂತ ಹೆಚ್ಚು ಹೊರಬರುವ ಮಾತೇ ಇಲ್ಲ. ಸಂರಕ್ಷಣಾ ನಿಯಮವನ್ನು ಇಟ್ಟುಕೊಂಡು ಜಾಹೀರಾತನ್ನು ಪ್ರಶ್ನಿಸುವ ಈ ಚಟುವಟಿಕೆಯನ್ನು ಮನೆಗೆಲಸವಾಗಿ ಕೊಟ್ಟರೆ ಮರುದಿನ ತರಗತಿಯಲ್ಲಿ ಉತ್ಸಾಹ ನೋಡಬೇಕು.

ಇನ್ನೂ ಒಂದು ವಿಷಯ. ವ್ಯಾಟನ್ನು ಎರಡರಷ್ಟು ಮಾಡಿದರೆ ಶಬ್ದ ಎರಡರಷ್ಟಾಗುವುದಿಲ್ಲ, 3 ಡೆಸಿಬಲ್ ಏರುತ್ತದೆ ಅಷ್ಟೇ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್, ಅಂದರೆ 10 ಡೆಸಿಬಲ್ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಹತ್ತು ತಾನೇ ಕಡಿಮೆ ಎನಿಸುತ್ತದೆ. ಶಬ್ದಶಕ್ತಿಯ ಲೆಕ್ಕದಲ್ಲಿ ಅದು ಹತ್ತನೇ ಒಂದು ಭಾಗ. ನಮ್ಮೂರಿನ ಮೈಕಾಸುರರಿಗೆ ಈ ಲೆಕ್ಕ ತಿಳಿಸುವವರು ಯಾರೋ! ಹವ್ಯಾಸಿಗೆ ಇದರಿಂದ ಸಿಗುವ ವಿವೇಕ ಇಷ್ಟು: ಹೆಚ್ಚು ವ್ಯಾಟಿನ ಆಂಪ್ಲಿಫೈಯರಿಗೆ ದುಡ್ಡು ಸುರಿಯುವ ಮೊದಲು ಸ್ಪೀಕರ್ ನೋಡಿ. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೊಡುತ್ತದೆ ಎಂಬುದೇ ಅದರ ಸೂಕ್ಷ್ಮತೆ. 87ರ ಬದಲು 90 ಇರುವ ಸ್ಪೀಕರ್ ತಂದರೆ ಆಂಪ್ಲಿಫೈಯರನ್ನು ಎರಡರಷ್ಟು ದೊಡ್ಡದು ಮಾಡಿದ ಹಾಗೆ. ಹಾರ್ನುಗಳು 100ಕ್ಕಿಂತಲೂ ಮೇಲೆ ಹೋಗುತ್ತವೆ, ಅದಕ್ಕೇ ಕಡಿಮೆ ವ್ಯಾಟಿನಲ್ಲಿ ಊರೆಲ್ಲ ಕೇಳಿಸುತ್ತವೆ. ಆದರೆ ತಗ್ಗಿನ ಸ್ವರ ಅವುಗಳಿಂದ ಬರುವುದಿಲ್ಲ. ಹರಿಕಥೆಯ ಮಾತು ಸ್ಪಷ್ಟ, ಮೃದಂಗದ ಎಡಗೈ ಮಾಯ.

ತಗ್ಗಿನ ಸ್ವರ ನಮ್ಮ ಪುಟ್ಟ ಸ್ಪೀಕರಿನಲ್ಲೂ ಬರುವುದಿಲ್ಲ, ಕಾರಣ ಬೇರೆ. ಕೋನ್ ಮುಂದೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲಾಗುತ್ತದೆ. ಅಂಚನ್ನು ಬಳಸಿ ಎರಡೂ ಸೇರಿ ಅಳಿಸಿಹೋಗುತ್ತವೆ. ತರಂಗದೂರ ಹೆಚ್ಚಿದ್ದಷ್ಟೂ ಈ ಅಳಿಯುವಿಕೆ ಹೆಚ್ಚು. ರಟ್ಟಿನ ಡಬ್ಬಕ್ಕೆ ಸ್ಪೀಕರಿನ ಅಳತೆಯ ರಂಧ್ರ ಕೊರೆದು, ಹಾಡು ನಡೆಯುತ್ತಿರುವಾಗಲೇ ಸ್ಪೀಕರನ್ನು ಆ ರಂಧ್ರಕ್ಕೆ ಒತ್ತಿ ಹಿಡಿಯಿರಿ. ಧ್ವನಿ ತಟ್ಟನೆ ತುಂಬಿಕೊಳ್ಳುತ್ತದೆ. ಮೀಟರಿನ ಮುಳ್ಳು ಹೆಚ್ಚೇನೂ ಕದಲದು. ಬ್ಯಾಟರಿಯ ಖರ್ಚು ಅಷ್ಟೇ ಇದ್ದು ಶಬ್ದ ಹೆಚ್ಚಿತು ಎಂದಾಗ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಬೀಳಲಿ, ಕಾರಣವನ್ನು ಅವರೇ ಹುಡುಕಲು ಐದು ನಿಮಿಷ ಕೊಡಿ.

ಕೊನೆಗೆ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ. ಯಾರೂ ಮಾತಾಡದಿದ್ದರೂ ಮೈಕ್ ಕೆಲವೊಮ್ಮೆ 'ಕುಂಯ್' ಎಂದು ಕೂಗುತ್ತದಲ್ಲ, ಅಲ್ಲಿ ನೀರುಗಂಟಿ ಯಾರು ಸಾರ್? ಮೊಬೈಲಿನ ಬದಲು ಒಂದು ಪುಟ್ಟ ಮೈಕನ್ನು ಐಸಿಗೆ ಜೋಡಿಸಿ, 200 ಪಟ್ಟಿಗೆ ಏರಿಸಿ, ಸ್ಪೀಕರಿನ ಹತ್ತಿರ ತನ್ನಿ. ತರಗತಿಯ ಯಾವುದೋ ಸಣ್ಣ ಸದ್ದು ಸ್ಪೀಕರಿನಿಂದ ದೊಡ್ಡದಾಗಿ ಹೊರಟು ಮತ್ತೆ ಮೈಕಿಗೇ ಬರುತ್ತದೆ, ಇನ್ನೂ ದೊಡ್ಡದಾಗಿ ಹೊರಡುತ್ತದೆ. ಕಾಲುವೆಯ ನೀರೇ ತೂಬಿನ ಕೀಲು ಅಲ್ಲಾಡಿಸಿದ ಹಾಗೆ. ಬೆಳೆಯುತ್ತಾ ಹೋಗಿ ಅದು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಏಕೆಂದರೆ ಬ್ಯಾಟರಿ ಕೊಡಬಹುದಾದದ್ದು ಅಷ್ಟೇ. ಮೈಕನ್ನು ದೂರ ಒಯ್ದಂತೆ ಕೂಗಿನ ಸ್ವರ ಬದಲಾಗುತ್ತದೆ. ಹಾಗೆ ಕೂಗುತ್ತಿರುವಾಗ ಮೀಟರ್ ನೋಡಿದರೆ, ಹಾಡಿಗೆ ಕುಣಿಯುತ್ತಿದ್ದ ಮುಳ್ಳು ಈಗ ಮೇಲೇರಿ ಅಲ್ಲಾಡದೆ ನಿಂತಿರುತ್ತದೆ.